ಅರ್ಧ ಪಟ್ಟಿ

೬ ಜುಲೈ ೨೦೦೪, ಮಂಗಳವಾರ

ನೋವು: ಡಾಕ್ಟರಿಗೆ ಐದು. ಖರೇ ಎಂಟು.

ಈ ನೋಟ್‌ಬುಕ್ಕು ಡಾಕ್ಟರ್ ರಂಜನಾ ಕೊಟ್ಟದ್ದು. ದಿನಾ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಿ ಮಂಗಳವಾರ ತೋರಿಸಬೇಕು. ಮುಂಬದಿಯ ಹಾಳೆಗಳು ಆಕೆಯವು. ಹಿಂದಿನಿಂದ ತಿರುವಿ ಬರೆಯುತ್ತಿರುವ ಇವು ನನ್ನವು. ಪುಣೆ ಕ್ಯಾಂಪಿನಲ್ಲಿ ನಲವತ್ತು ವರ್ಷ ಕಟ್‌ಪೀಸ್ ಬಟ್ಟೆ ಮಾರಿದ ಈ ಈರಬಸಪ್ಪ ಒಂದೇ ಲೆಕ್ಕದ ಪುಸ್ತಕ ಇಟ್ಟಿದ್ದ ಎಂದರೆ ಹೆಂಡತಿ ಗೌರಾಬಾಯಿಯೂ ನಂಬುವುದಿಲ್ಲ.

ಪ್ರಾಸ್ಟೇಟಿನಲ್ಲಿ ಹುಟ್ಟಿದ ಕ್ಯಾನ್ಸರು ಹೋದ ವರ್ಷ ಬೆನ್ನೆಲುಬಿಗೆ ಬಂದು ಬಿಡಾರ ಹೂಡಿದೆ. ಕರೆದವರಿಲ್ಲ, ಹೋಗೆಂದರೆ ಕೇಳುವುದಿಲ್ಲ.

ಎಂಟನ್ನು ಐದು ಎಂದದ್ದೇಕೆ? ಮೊದಲ ಮಾತಿಗೇ ಖರೇ ಹೇಳುವ ರೂಢಿ ನನಗಿಲ್ಲ. ಗಿರಾಕಿ ಬಟ್ಟೆ ಮುಟ್ಟಿದಾಗ ನಾನು ಅವನ ಕಣ್ಣು ನೋಡುತ್ತೇನೆ, ನನ್ನ ಕಣ್ಣು ಅವನಿಗೆ ತೋರಿಸುವುದಿಲ್ಲ. ಮೇಲಾಗಿ ಈಗ ನುಂಗುತ್ತಿರುವ ಮಾರ್ಫಿನ್ ಗುಳಿಗೆ ಅಫೀಮಿನ ಕುಲದ್ದು, ಎಂಟು ಎಂದರೆ ಇನ್ನೂ ಏರಿಸುತ್ತಾರೆ ಎಂದು ಗೌರಾಬಾಯಿಗೆ ಹೆದರಿಕೆ. ಅವಳ ಸೋದರಮಾವ ಅಫೀಮು ತಿಂದು ಹುಣಸೆಮರಕ್ಕೆ ಒರಗಿ ಕೂತವನು ಮೂರು ದಿನ ಏಳಲಿಲ್ಲವಂತೆ. ಕಥೆ ಕೇಳಿ ನನಗೆ ಮಾವನ ಮೇಲೆ ಹೊಟ್ಟೆಕಿಚ್ಚಾಯಿತು.

೧೩ ಜುಲೈ, ಮಂಗಳವಾರ

ನೋವು: ಎಂಟು. ಇಬ್ಬರಿಗೂ.

ಸಿಕ್ಕಿಬಿದ್ದೆ. ಸಾಲಾಗಿ ಐದು ಐದು ಐದು ಎಂದು ಬರೆದ ಹಾಳೆ ನೋಡಿ ಡಾಕ್ಟರ್ ರಂಜನಾ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಕಾಕಾ, ಐದು ನೋವಿನವರು ಹೀಗೆ ಕುರ್ಚಿಯ ಅಂಚಿಗೆ ಕೂಡುವುದಿಲ್ಲ, ಅಂಗಿಯ ಗುಂಡಿ ತಪ್ಪಿ ಹಾಕಿಕೊಳ್ಳುವುದಿಲ್ಲ. ನನಗಿಂತ ಚಾಲಾಕಿ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಒಪ್ಪಿಕೊಂಡೆ. ಗುಳಿಗೆಗಳು ವಾಂತಿಯಲ್ಲಿ ಹೊರಬರುತ್ತಿರುವುದನ್ನೂ ಹೇಳಿದೆ.

ಆಗ ಪಟ್ಟಿ ಕೊಟ್ಟರು. ಬೆಂಕಿಪೆಟ್ಟಿಗೆಯ ಅಗಲದ್ದು, ಆಚೆಬದಿ ಕಾಣುವಂಥದ್ದು, ಒಳಗೆ ತುಪ್ಪದಂಥ ಹನಿ ಹೊಳೆಯುತ್ತದೆ. ಎದೆಗೆ ಅಂಟಿಸಿಕೊಂಡರೆ ಮೂರು ದಿನ ಔಷಧ ತಾನಾಗಿ ಚರ್ಮದೊಳಗೆ ಇಳಿಯುತ್ತದಂತೆ. ಎಲ್ಲ ಕಡೆ ಸಿಗುವ ಮಾಲಲ್ಲ. ಆಕೆಯ ಹೆಸರಿನ ಪರವಾನಗಿಯ ಮೇಲೆ ಎಣಿಸಿ ಬರುತ್ತದೆ, ಎಣಿಸಿ ಹೋಗುತ್ತದೆ. ಬಳಸಿದ್ದನ್ನು ಮಡಚಿ ವಾಪಸು ತರಬೇಕು. ಅದರ ಮೇಲೆ ಶಾಖ ಕೊಡಬಾರದು. ಕತ್ತರಿಸಬಾರದು. ಬೇರೆ ಯಾರಿಗೂ ಕೊಡಬಾರದು; ಕೊಟ್ಟದ್ದು ತಿಳಿದರೆ ಪಟ್ಟಿ ಬಂದ್. ಜಾಸ್ತಿ ಮಂಪರು ಕವಿದರೆ, ಉಸಿರು ನಿಧಾನವಾದರೆ ತಕ್ಷಣ ಫೋನು. ಇದೆಲ್ಲ ಬರೆದ ಮರಾಠಿ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದೆ. ಬಟ್ಟೆಯ ಗಂಟು ಬಂದು ಮುಟ್ಟಿತು ಎಂದು ಸಹಿ ಹಾಕುವಷ್ಟೇ ಬೇಗ.

೧೬ ಜುಲೈ

ನೋವು: ಮೂರು.

ಇಂಥ ಬೆಳಗು ಇದೆ ಎಂಬುದೇ ಮರೆತಿತ್ತು. ನಸುಕಿನಲ್ಲಿ ಗಲ್ಲಿಯೊಳಗೆ ಕುದುರೆಗಳು ಹೋದವು. ಒಂದು, ಎರಡು, ಏಳರ ತನಕ ಎಣಿಸಿದೆ. ಗೊರಸಿಗೆ ಬಟ್ಟೆ ಸುತ್ತಿದಂತೆ ಮೆತ್ತಗಿನ ಸದ್ದು. ರೇಸ್‌ಕೋರ್ಸಿನವು ಇರಬೇಕು ಎಂದೆ. ಈ ಗಲ್ಲಿಯೊಳಗೆ ಎಂದೂ ಕುದುರೆ ಬಂದಿಲ್ಲ, ಹಾಲಿನ ಕ್ಯಾನುಗಳ ಸದ್ದು ಅದು ಎಂದಳು ಗೌರಾಬಾಯಿ. ಇರಲಿ. ಅವಳಿಗೆ ಹಾಲು ಬಂತು, ನನಗೆ ಕುದುರೆ ಬಂತು.

ಮಧ್ಯಾಹ್ನ ಮಹಡಿ ಮನೆಯ ಗ್ಯಾಲರಿಯಲ್ಲಿ ಕೂತೆ. ಕೆಳಗಿನ ಅಂಗಡಿಯಲ್ಲಿ ಮಗ ಮನೋಹರ ಯಾರಿಗೋ ಪಾಪ್ಲಿನ್ ಹರಿದುಕೊಡುತ್ತಿದ್ದ. ಬಟ್ಟೆ ಹರಿಯುವ ಆ ಉದ್ದ ಸದ್ದು ಬೇಕರಿಯ ವಾಸನೆಯೊಡನೆ ಮೇಲೆ ಬಂದು ನನ್ನ ಕಿವಿಯೊಳಗೆ ಕೂತು ಎಷ್ಟೋ ಹೊತ್ತು ಹರಿಯುತ್ತಲೇ ಇತ್ತು.

೨೯ ಜುಲೈ

ನೋವು: ಎರಡು.

ದೌಂಡ ಸ್ಟೇಷನ್ನಿನಲ್ಲಿ ಗಾಡಿ ನಿಂತಿದೆ. ಇಂಜಿನ್ ತಿರುಗಿಸುತ್ತಿದ್ದಾರೆ. ಕಿಟಕಿಯಾಚೆ ಕಬ್ಬು, ಕಬ್ಬಿನ ಮೇಲೆ ಬಿಳಿ ಮಂಜು. ನನಗೆ ಹದಿನೆಂಟು, ಎದುರಿಗೆ ಕೂತ ಗೆಳೆಯ ಮಹಾಲಿಂಗನಿಗೆ ಹತ್ತೊಂಬತ್ತು. ನಮ್ಮೂರು ಇಂಡಿಯಿಂದ ತಂದ ರೊಟ್ಟಿಯನ್ನು ಅವನು ಎರಡು ಮಾಡುತ್ತಾನೆ, ದೊಡ್ಡದನ್ನು ನನಗೆ ಕೊಡುತ್ತಾನೆ. ಗಾಡಿ ಬಿಡುವುದಿಲ್ಲ. ಬಿಡುವುದು ಬೇಡ ಅನಿಸುತ್ತದೆ.

ಕಣ್ಣು ತೆರೆದರೆ ಗ್ಯಾಲರಿಯಲ್ಲಿ ಮಹಾಲಿಂಗ ನಿಜವಾಗಿ ಎದುರಿಗೇ ಕೂತಿದ್ದ. ಅರವತ್ತರ ಹತ್ತಿರದ ಮುದುಕ. ನಾನು ಫುಟ್‌ಪಾತಿನ ಮೇಲೆ ಚಾದರ ಹಾಸಿ ತುಣುಕು ಬಟ್ಟೆ ಮಾರಿ ಅಂಗಡಿಯವನಾದೆ. ಅವನು ನನ್ನ ಗಂಟು ಹೊತ್ತು ಹಮಾಲನಾದ. ಕೊನೆತನಕ ಹಮಾಲನೇ.

೯ ಆಗಸ್ಟ್, ಸೋಮವಾರ

ನೋವು: ಎರಡು. ಒಂದೂವರೆ ಎಂದರೂ ನಡೆದೀತು.

ಮಹಾಲಿಂಗ ಇಂದು ಮೆಟ್ಟಿಲನ್ನು ಕೂತು ಕೂತು ಹತ್ತಿ ಬಂದ. ಹುಡುಗರು ಜಾರುವ ಹಾಗೆ, ಆದರೆ ಮೇಲ್ಮುಖವಾಗಿ. ಎರಡೂ ಮೊಣಕಾಲು ಗಡಿಗೆಯಂತೆ ಬಾತಿವೆ. ನಾನು ನಕ್ಕೆ, ಅವನೂ ನಕ್ಕ. ಆಮೇಲೆ ಅವನು ಗೋಡೆ ಕಡೆ ನೋಡಿ ಹೇಳಿದ:

"ಈರಣ್ಣಾ, ನಿನಗ ರೋಗರ ಅದ, ಡಾಕ್ಟರ್ ಅದಾರ, ಪುಸ್ತಕ ಅದ. ನನಗ ಬರೇ ಮೊಣಕಾಲ ಅದಾವ."

ಡಾಕ್ಟರ್ ಹತ್ತಿರ ಹೋಗು ಎಂದರೆ ಹಮಾಲನ ಮೊಣಕಾಲನ್ನು ಯಾವ ಡಾಕ್ಟರೂ ರೋಗ ಅನ್ನುವುದಿಲ್ಲ, ವಯಸ್ಸು ಅನ್ನುತ್ತಾರೆ ಎಂದ. ಅವನ ಹೆಂಡತಿ ಸಾವಿತ್ರಿಬಾಯಿ ದಿನಾ ಮಧ್ಯಾಹ್ನ ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಶಾಖ ಕೊಡುತ್ತಾಳಂತೆ. ಅದೇ ಔಷಧ.

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ಆ ಮೊಣಕಾಲು ಸವೆದದ್ದು ನನ್ನ ಬಟ್ಟೆಯ ಥಾನುಗಳ ಕೆಳಗೆ. ನನಗೀಗ ನೋವು ಎರಡು. ಎರಡಕ್ಕೆ ಇಡೀ ಪಟ್ಟಿ ಏತಕ್ಕೆ? ಅರ್ಧ ಸಾಕು. ಉಳಿದ ಅರ್ಧ ನನ್ನ ಕೈಗೆ ಬಂದ ತುಣುಕು, ಮತ್ತು ತುಣುಕನ್ನು ಸರಿಯಾದ ಮೈಗೆ ಸೇರಿಸುವುದೇ ನನ್ನ ಕಸುಬು. ಕತ್ತರಿಸಬಾರದು ಎಂದಿದ್ದಾರೆ ಡಾಕ್ಟರು. ರೇಷ್ಮೆಯ ಮಿಲ್ಲಿನವರೂ ಹಾಗೇ ಅನ್ನುತ್ತಿದ್ದರು.

೧೧ ಆಗಸ್ಟ್, ಬುಧವಾರ

ಬೆಳಿಗ್ಗೆ ಹತ್ತು. ನೋವು: ಎರಡು.

ಅಂಗಡಿಯ ದೊಡ್ಡ ಕತ್ತರಿ ತರಿಸಿ ಹೊಸ ಪಟ್ಟಿಯನ್ನು ನಟ್ಟನಡುವೆ ಕತ್ತರಿಸಿದೆ. ಕೈ ಇನ್ನೂ ನಡುಗುವುದಿಲ್ಲ ಎಂದು ಹೆಮ್ಮೆ. ಅಂಚಿನಿಂದ ಲೋಳೆ ಜಿನುಗಿತು. ಚಿಕ್ಕ ಚೂರು ಪ್ಲಾಸ್ಟರ್ ಹಚ್ಚಿ ಒತ್ತಿದೆ. ಒಂದರ್ಧ ನನ್ನ ಎದೆಗೆ. ಇನ್ನೊಂದನ್ನು ಮಹಾಲಿಂಗನ ಬಲಮೊಣಕಾಲಿಗೆ ಅಂಟಿಸಿ ಮೇಲೆ ಮಲ್‌ಮಲ್ ಸುತ್ತಿದೆ. ಗೌರಾಬಾಯಿ ಗುಡಿಗೆ ಹೋಗಿದ್ದಳು. ಆ ಹೊತ್ತನ್ನೇ ಆರಿಸಿದ್ದೆ ಎಂಬುದನ್ನು ಈ ಹಿಂಬದಿಯ ಹಾಳೆಯಲ್ಲಿ ಬರೆಯಲು ಅಡ್ಡಿಯಿಲ್ಲ.

"ಸಾವಿತ್ರಿಗೆ ಹೇಳಬ್ಯಾಡ" ಎಂದೆ.

"ಆಕಿಗೆ ನಾ ಏನ ಹೇಳೀನಿ ಇಷ್ಟ ವರ್ಷ" ಎಂದು ಕುಂಟುತ್ತ ಹೋದ.

ಮಧ್ಯಾಹ್ನ.

ಬಿಸಿಲು ಗ್ಯಾಲರಿಯ ಹಲಗೆಯ ಮೇಲೆ ಕೂತಿದೆ. ಎದ್ದು ಹೋಗುತ್ತಿಲ್ಲ. ಯಾರೋ ಥಾನು ಬಿಚ್ಚುತ್ತಿದ್ದಾರೆ. ನೀಲಿ. ಬಿಚ್ಚಿದಷ್ಟೂ ನೀಲಿ. ಗಜಕೋಲು ಹಿಡಿದು ಅಳೆಯುತ್ತ ಹೋಗುತ್ತಿದ್ದೇನೆ, ಕ್ವಾರ್ಟರ್ ಗೇಟು ದಾಟಿತು, ಬಂಡ್ ಗಾರ್ಡನ್ ದಾಟಿತು, ನದಿಯೇ ಬಟ್ಟೆ. ಕುದುರೆಗಳು ಅದರ ಮೇಲೆ ನಿಂತು

ಎಷ್ಟು ಮೀಟರು ಎಂದು ಕೇಳುತ್ತಾರೆ

ಹೇಳುವ ಅವಸರವಿಲ್ಲ

೧೨ ಆಗಸ್ಟ್, ಗುರುವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಿನ್ನೆ ಸಂಜೆ ಐದಕ್ಕೆ ಗೌರಾಬಾಯಿ ಕೆನ್ನೆಗೆ ಹೊಡೆದು ಎಬ್ಬಿಸಿದಳು. ಮೂರು ಸಲ ಹೊಡೆದಳಂತೆ, ನನಗೆ ಮೂರನೆಯದು ಮಾತ್ರ ಗೊತ್ತು. ಪಕ್ಕದಲ್ಲಿ ಸಾವಿತ್ರಿಬಾಯಿ ನಿಂತಿದ್ದಳು, ಚಪ್ಪಲಿ ಇಲ್ಲದೆ. ಭವಾನಿ ಪೇಟೆಯಿಂದ ಹಾಗೇ ನಡೆದು ಬಂದಿದ್ದಳು. ಗಂಡ ಶಾಖ ಹಾಕಿಸಿಕೊಂಡು ಮಲಗಿದವನು ಏಳುತ್ತಿಲ್ಲ, ಗೊರಕೆ ಗರಗಸದ ಹಾಗೆ ಬರುತ್ತಿದ್ದದ್ದು ಈಗ ನಡುನಡುವೆ ನಿಲ್ಲುತ್ತಿದೆ ಎಂದಳು. ಗೌರಾಬಾಯಿ ನನ್ನ ಎದೆಯ ಮೇಲಿನ ಅರ್ಧ ಪಟ್ಟಿಯನ್ನು ನೋಡಿದಳು. ಕಿತ್ತು ತೆಗೆದಳು. 

ಮನೋಹರ ರಿಕ್ಷಾ ತಂದ. ಅವರು ಬಾಡಿಗೆಗಿದ್ದ ಚಾಳಿನಲ್ಲಿ ಮಹಾಲಿಂಗ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. ತುಟಿ ನೇರಳೆ ಹಣ್ಣು ತಿಂದವನ ಹಾಗೆ. ಮುಖದಲ್ಲಿ ಒಂದು ಸುಖ. ಆ ಸುಖದ ಗುರುತು ನನಗಿತ್ತು. ಪಟ್ಟಿ ಕೀಳೋಣ ಎಂದು ಮಲ್‌ಮಲ್ ಬಿಚ್ಚಿದೆ. ಮೊಣಕಾಲ ಮೇಲೆ ಅಂಟಿನ ಗುರುತು ಮಾತ್ರ ಇತ್ತು. ಶಾಖದ ಬೆವರಿಗೆ ಜಾರಿ ಎಲ್ಲೋ ಬಿದ್ದಿತ್ತು. ಲೋಳೆಯೆಲ್ಲ ಅವನೊಳಗೆ.

ಸರ್ಕಾರಿ ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬ ಟಾರ್ಚು ಬಿಟ್ಟು ಕಣ್ಣು ನೋಡಿದ. ಮೂಗು ಬಾಯಿಗೆ ರಬ್ಬರಿನ ಚೀಲ ಹಿಡಿದು ಒತ್ತುತ್ತ, ನಿಮಿಷಕ್ಕೆ ನಾಲ್ಕೇ ಉಸಿರು ಎಂದು ನರ್ಸಿಗೆ ಹೇಳಿದ. ಏನು ತೆಗೆದುಕೊಂಡಿದ್ದಾರೆ ಎಂದು ಸಾವಿತ್ರಿಬಾಯಿಯನ್ನು ಕೇಳಿದ. ಏನೂ ಇಲ್ಲ, ಬೀಡಿ ಸಹ ಸೇದುವುದಿಲ್ಲ ಎಂದಳು. ದಾರುವೇ? ಇಲ್ಲ. ಹಾವೇ? ಇಲ್ಲ. ಸಕ್ಕರೆ ರೋಗವೇ? ಗೊತ್ತಿಲ್ಲ. ಅವನು ಒಂದೊಂದು ಕೇಳುತ್ತ ಹೋದ, ಅವಳು ಒಂದೊಂದು ಇಲ್ಲ ಎನ್ನುತ್ತ ಹೋದಳು.

ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೆ. ಇದನ್ನು ಬರೆಯದಿದ್ದರೆ ಈ ಹಾಳೆಗಳಿಗೆ ಅರ್ಥವಿಲ್ಲ: ಆಗ ನನ್ನ ತಲೆಯಲ್ಲಿ ಇದ್ದದ್ದು ಮಹಾಲಿಂಗನಲ್ಲ. ಸಹಿ ಹಾಕಿದ ಕಾಗದ. ಪಟ್ಟಿ ಬಂದ್ ಆದರೆ ಮತ್ತೆ ಎಂಟು. ಬಂದ್ ಆದ ಮೇಲೆ ಒಂಬತ್ತೂ ಇರಬಹುದು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಆರು ಸಲ ಹಾರಿತು. 

"ನಾ ಹಚ್ಚೀನ್ರಿ" ಎಂದೆ. "ನನ್ನ ನೋವಿನ ಪಟ್ಟಿ. ಅರ್ಧಾ ಕತ್ತರಿಸಿ ಮೊಣಕಾಲಿಗೆ ಹಚ್ಚೀನಿ."

ಡಾಕ್ಟರು ಪಿಳಿಪಿಳಿ ನೋಡಿದ. ಗಾಬರಿಯಲ್ಲಿ ಕನ್ನಡದಲ್ಲಿ ಹೇಳಿದ್ದೆ. ಅವನಿಗೆ ತಿಳಿಯಲಿಲ್ಲ, ಸಾವಿತ್ರಿಬಾಯಿಗೆ ತಿಳಿಯಿತು. ಅವಳು ನನ್ನ ಕಡೆ ತಿರುಗಿದಳು. ಅವಳ ಮುಖ ನೋಡುತ್ತಲೇ ಅದನ್ನೇ ಎರಡನೆಯ ಸಲ ಮರಾಠಿಯಲ್ಲಿ ಹೇಳಬೇಕಾಯಿತು. ಔಷಧದ ಹೆಸರು, ಎಷ್ಟು ಹೊತ್ತಿಗೆ, ಎಲ್ಲ.

ಆಮೇಲೆ ಕೈಗಳು ಓಡಿದವು. ಸೂಜಿ ಚುಚ್ಚಿದರು. ಎರಡು ನಿಮಿಷಕ್ಕೆ ಮಹಾಲಿಂಗ ನೀರಿನಿಂದ ಮೇಲೆ ಬಂದವನ ಹಾಗೆ ಉಸಿರೆಳೆದು ಕಣ್ಣು ತೆರೆದ, ಎಲ್ಲರನ್ನೂ ಬೈದ. ಅರ್ಧ ತಾಸಿಗೆ ಮತ್ತೆ ಮುಳುಗಿದ. ಪಟ್ಟಿಯ ಔಷಧ ಸೂಜಿಯ ಔಷಧಕ್ಕಿಂತ ಹೆಚ್ಚು ಹೊತ್ತು ಇರುತ್ತದೆ, ಎದ್ದ ಎಂದು ಮನೆಗೆ ಕರೆದೊಯ್ದಿದ್ದರೆ ದಾರಿಯಲ್ಲೇ ಹೋಗುತ್ತಿದ್ದ ಎಂದು ಡಾಕ್ಟರು ಹೇಳಿದ. ಮತ್ತೆ ಸೂಜಿ. ಆಮೇಲೆ ಹನಿಹನಿಯಾಗಿ ಬಾಟಲಿಯಲ್ಲಿ.

೧೪ ಆಗಸ್ಟ್

ಮಹಾಲಿಂಗ ಗಂಜಿ ಕುಡಿದ. ಸಾವಿತ್ರಿಬಾಯಿ ಲೋಟ ಹಿಡಿದಿದ್ದಳು. ನಾನು ಹೋದಾಗ ಎದ್ದು ಹೊರಗೆ ನಿಂತಳು.

೧೭ ಆಗಸ್ಟ್, ಮಂಗಳವಾರ

ಡಾಕ್ಟರ್ ರಂಜನಾಗೆ ಆಸ್ಪತ್ರೆಯಿಂದ ಅಂದೇ ಫೋನು ಹೋಗಿತ್ತು. ನಾನು ಹಳೆಯ ಪಟ್ಟಿಗಳನ್ನೂ ಉಳಿದ ಹೊಸವನ್ನೂ ಮೇಜಿನ ಮೇಲೆ ಇಟ್ಟೆ. ಆಕೆ ಎಣಿಸಿದರು. ಎರಡನೆಯ ಸಲ ಎಣಿಸಿದರು. ಸಿಟ್ಟು ಬಂದವರು ಮಾತಾಡಿದರೆ ನಾನು ಸಂಭಾಳಿಸಬಲ್ಲೆ. ಎಣಿಸುವವರ ಮುಂದೆ ಏನು ಮಾಡುವುದು?

ಬಂದ್ ಎನ್ನುತ್ತಾರೆ ಎಂದು ಮೈ ಬಿಗಿ ಹಿಡಿದು ಕೂತಿದ್ದೆ. ಆಕೆ ಅಂದದ್ದು ಬೇರೆ. ಕಾಕಾ, ನೋವಿನ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಅದು ವೈದ್ಯವಲ್ಲ, ಶಿಕ್ಷೆ. ಶಿಕ್ಷೆ ಕೊಡಲು ನಾನು ಓದಿಲ್ಲ. ಇನ್ನು ಪಟ್ಟಿ ಬೇಡ, ಮತ್ತೆ ಗುಳಿಗೆ. ವಾಂತಿಗೆ ಒಂದು, ನೋವಿಗೆ ಒಂದು ಗುಳಿಗೆ, ಒಮ್ಮೆಗೆ ಏಳೇ ದಿನದ್ದು, ಬೀಗ ಗೌರಾಬಾಯಿ ಕೈಯಲ್ಲಿ. ಗೌರಾಬಾಯಿಯನ್ನು ಬೇರೆಯಾಗಿ ಕೂರಿಸಿ ಉಸಿರು ಎಣಿಸುವುದು ಹೇಳಿಕೊಟ್ಟರು. ಅಫೀಮಿನ ಹೆಸರಿಗೆ ಹೆದರುತ್ತಿದ್ದವಳು ವಾಚು ಹಿಡಿದು ಪರೀಕ್ಷೆಗೆ ಕೂತ ಹುಡುಗಿಯಂತೆ ಕಲಿತಳು.

ಕೊನೆಗೆ ಡಾಕ್ಟರು ತನ್ನನ್ನೂ ಬಿಡಲಿಲ್ಲ. ಕತ್ತರಿಸಬೇಡಿ ಎಂದೆ, ಏಕೆ ಎಂದು ಹೇಳಲಿಲ್ಲ, ಅದು ನನ್ನ ತಪ್ಪು ಎಂದರು. ಆ ಪಟ್ಟಿ ಒಳಗೆ ಚೀಲವಿರುವ ಜಾತಿಯದು. ಮೂರು ದಿನಕ್ಕೆ ತೊಟ್ಟಿಕ್ಕಬೇಕಾದದ್ದು ಕತ್ತರಿ ಬಿದ್ದರೆ ಒಮ್ಮೆಗೇ ಹರಿಯುತ್ತದೆ. ಬಿಸಿ ತಾಗಿದರೆ ಇನ್ನೂ ಜೋರು. ನನ್ನ ಮೈ ತಿಂಗಳುಗಟ್ಟಲೆ ಪಳಗಿತ್ತು, ಮಹಾಲಿಂಗನ ಮೈ ಪಳಗಿರಲಿಲ್ಲ.

ನಾನು ಅದನ್ನು ಬಟ್ಟೆ ಅಂದುಕೊಂಡಿದ್ದೆ.

೨೫ ಆಗಸ್ಟ್

ಸಾವಿತ್ರಿಬಾಯಿ ಬಂದಿದ್ದಳು. ಕೂಡಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಮಹಾಲಿಂಗ ಮನೆಗೆ ಬಂದು ವಾರವಾಯಿತು, ಓಡಾಡುತ್ತಾನೆ. ಆದರೆ ಚಾಳಿನಲ್ಲಿ ಬೇರೆ ಮಾತು ಹುಟ್ಟಿದೆ: ಮಹಾಲಿಂಗ ಕದ್ದು ನಶೆ ಮಾಡುತ್ತಾನೆ, ಆಸ್ಪತ್ರೆಯಲ್ಲಿ ನಶೆ ಇಳಿಸುವ ಸೂಜಿ ಕೊಟ್ಟರು, ನರ್ಸಿನ ಬಾಯಿಂದಲೇ ಕೇಳಿದ್ದೇವೆ. ಹಮಾಲರ ಟೋಳಿಯವರು ಅವನನ್ನು ಕೆಲಸಕ್ಕೆ ಕರೆಯುತ್ತಿಲ್ಲ.

"ಆಸ್ಪತ್ರಿಯೊಳಗ ಎರಡ ಸಲ ಹೇಳಿದ್ರಿ" ಎಂದಳು. "ಮೂರನೇ ಸಲ ನಮ್ಮ ಚಾಳಿಗೆ ಬಂದು ಹೇಳ್ರಿ."

ಮನೋಹರನನ್ನು ಕಳಿಸುತ್ತೇನೆ, ಒಂದು ಚೀಟಿ ಬರೆದುಕೊಡುತ್ತೇನೆ ಎಂದೆಲ್ಲ ಬಾಯಿಗೆ ಬಂತು. ಕೊನೆಗೆ ಭಾನುವಾರ ಬರುತ್ತೇನೆ ಎಂದೆ.

೨೯ ಆಗಸ್ಟ್, ಭಾನುವಾರ

ಬೆಳಿಗ್ಗೆ ಹೋದೆ. ಹದಿನೆಂಟು ಮೆಟ್ಟಿಲು, ಹಲಗೆಯವು, ನಡುವೆ ಸವೆದು ದೋಣಿಯಾಗಿವೆ. ಐದೈದಕ್ಕೆ ನಿಂತು ಹತ್ತಿದೆ. ಮೇಲೆ ಪಡಸಾಲೆಯಲ್ಲಿ ಸಾವಿತ್ರಿಬಾಯಿ ಎಲ್ಲರನ್ನೂ ಕೂರಿಸಿದ್ದಳು. ಹಮಾಲರ ಮುಕಾದಮ ಅವ್ವಣ್ಣ ಕಂಬಕ್ಕೆ ಒರಗಿದ್ದ. ಎಲ್ಲೋ ದೂರ ಗಣಪತಿಗಾಗಿ ಢೋಲಿನ ತಾಲೀಮು ನಡೆದಿತ್ತು. ಬಿಸಿಲಲ್ಲಿ ಒಣಗಿದ ಸೀರೆಗಳು ಆ ಸದ್ದಿಗೆ ಉಸಿರಾಡುವಂತೆ ಉಬ್ಬಿ ಇಳಿಯುತ್ತಿದ್ದವು.

ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿದ್ದೆ. ಸ್ನೇಹ, ರೊಟ್ಟಿ, ಒಂದೇ ಗಾಡಿಯಲ್ಲಿ ಬಂದದ್ದು. ಅದಾವುದೂ ಬೇಡವಾಯಿತು. ಮಹಾಲಿಂಗ ನಶೆ ಮಾಡಿಲ್ಲ, ಅದು ನನ್ನ ರೋಗದ ಔಷಧ, ಕೊಡಬೇಡ ಎಂದದ್ದನ್ನು ನಾನೇ ಕತ್ತರಿಸಿ ಕೊಟ್ಟೆ, ಸಾಯುತ್ತಿದ್ದ ಎಂದೆ. ಅಷ್ಟೇ ಆಯಿತು.

ಒಂದನ್ನು ಬಿಟ್ಟೆ. ಇಟ್ಟಿಗೆಯ ಶಾಖದ ಸುದ್ದಿ ತೆಗೆಯಲಿಲ್ಲ. ಸಾವಿತ್ರಿಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಅದೆಲ್ಲಿ ಬಂದೀತೋ ಎಂದು ಕಾಯುತ್ತಿದ್ದಳು. ನಾನು ಮುಗಿಸಿದ ಮೇಲೆ ಸೆರಗು ಬಿಚ್ಚಿಕೊಂಡಿತು.

ಯಾರೂ ಬೈಯಲಿಲ್ಲ. ಅವ್ವಣ್ಣ, ತನ್ನ ಮನೆಯಲ್ಲೂ ಸತ್ತ ಅಣ್ಣನ ಗುಳಿಗೆ ಇವೆ, ಬೆನ್ನು ಹಿಡಿದಾಗ ತಾನು ಒಂದೊಂದು ನುಂಗುತ್ತೇನೆ, ಅದೇನು ಎಂದು ಇವತ್ತಿನವರೆಗೆ ಗೊತ್ತಿಲ್ಲ ಎಂದ. ಡಾಕ್ಟರ್ ರಂಜನಾ ವಿಳಾಸ ಬರೆದುಕೊಟ್ಟೆ. ನಾಳೆ ಮಹಾಲಿಂಗ ಕೆಲಸಕ್ಕೆ ಬರಲಿ, ಹೊರುವುದು ಬೇಡ, ಗಂಟು ಎಣಿಸಲಿ ಎಂದ ಅವ್ವಣ್ಣ.

ಮಹಾಲಿಂಗ ನನ್ನನ್ನು ಕೆಳಗೆ ಬಿಡಲು ಬಂದ. ಅವನ ಭುಜದ ಮೇಲೆ ನನ್ನ ಕೈ, ಕಟಾಂಜನದ ಮೇಲೆ ಅವನ ಕೈ. ಮೆಟ್ಟಿಲ ಕತ್ತಲೆ ತಂಪಾಗಿತ್ತು. ನಾವಿಬ್ಬರೂ ಯಾವುದೋ ಬಾವಿಗೆ ಇಳಿಯುತ್ತಿದ್ದೇವೆ, ತಳದಲ್ಲಿ ನೀಲಿ ನೀರಿದೆ ಅನಿಸಿತು. ತಳದಲ್ಲಿ ರಸ್ತೆ ಇತ್ತು. ಕೊನೆಯ ಮೆಟ್ಟಿಲಲ್ಲಿ ಅವನು ನಿಂತ.

"ಈರಣ್ಣಾ, ಸಾವಿತ್ರಿ ಮುಂದ ಅನಬ್ಯಾಡ. ಅವತ್ತ ಮಧ್ಯಾಹ್ನ ನನಗ ಕಾಲೇ ಇರಲಿಲ್ಲ ನೋಡು. ಹಗೂರ ಆಗಿದ್ದೆ. ಹತ್ತಿ ಹಂಗ. ಹುಟ್ಟಿದಾಗಿಂದ ಅಷ್ಟ ಹಗೂರ ಆಗಿದ್ದಿಲ್ಲ."

ನಾನು ಅವನ ಭುಜದಿಂದ ಕೈ ತೆಗೆದೆ.

"ಸಣ್ಣ ತುಣುಕು" ಎಂದ. "ಅರ್ಧಾ ಬ್ಯಾಡ. ಅರ್ಧಾದಾಗ ಅರ್ಧಾ. ನೀ ಹಚ್ಚಬ್ಯಾಡ, ಕೊಡು ಸಾಕು."

ಅವನು ಕೇಳಿದ್ದು ಏನು ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನನಗೂ ಅದೇ ಬೇಕು, ದಿನಾ. ಪಟ್ಟಿ ಈಗ ನನ್ನ ಹತ್ತಿರ ಇಲ್ಲ ಎಂದುಬಿಡಬಹುದಿತ್ತು. ಅದು ಖರೆಯೂ ಹೌದು. ಆದರೆ ಹಾಗೆಂದರೆ ಅವನು ಇನ್ಯಾರನ್ನೋ ಕೇಳುತ್ತಾನೆ. ಅವ್ವಣ್ಣನ ಅಣ್ಣನ ಗುಳಿಗೆ ನಾಲ್ಕೇ ಬಾಗಿಲ ಆಚೆ ಇವೆ.

"ಮಹಾಲಿಂಗಾ, ನೀ ಇಲ್ಲೇ ಕೂಡು" ಎಂದೆ.

"ಎಲ್ಲಿ ಹೊಂಟಿ?"

 ಕಟಾಂಜನ ಹಿಡಿದು ಮತ್ತೆ ಹತ್ತತೊಡಗಿದೆ. ಹಿಂದಿನಿಂದ ಅವನು ಕರೆದ, ನನ್ನ ಹೆಸರು ಹಿಡಿದು, ಆಮೇಲೆ ಅವ್ವನ ಹೆಸರು ಹಿಡಿದು, ಬೈದ. ಹತ್ತನೆಯದರಲ್ಲಿ ಬೆನ್ನು ಹಿಡಿಯಿತು, ಕೂತೆ. ಕೂತೇ ಉಳಿದ ಎಂಟನ್ನು ಹತ್ತಿದೆ.

ಬಾಗಿಲು ತೆರೆದಿತ್ತು. ಸಾವಿತ್ರಿಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ತಂಗೀ, ಮಹಾಲಿಂಗಂದು ಇನ್ನೊಂದು ಮಾತು ಅದ" ಎಂದೆ.

ಅವಳು ಮೊರ ಸರಿಸಿ, ಚಾಪೆಯ ಅರ್ಧವನ್ನು ನನ್ನ ಕಡೆ ದೂಡಿದಳು.